ಮೆಟ್ಟಿಲು ಇಳಿಯಲು ಹೆದರುತ್ತಿದ್ದ ಗ್ರೇಹೌಂಡ್: ನನ್ನ ಅನುಭವ

ಇಂಗ್ಲೆಂಡಿನಲ್ಲಿ ನಾಯಿ ರೇಸ್ ಬಿಟ್ಟು, ಕಾಯಂ ಮನೆ ಸಿಗುವವರೆಗೆ ಸಾಕುವ ಫಾಸ್ಟರ್ ಮನೆಗೆ ಬರುವ ಗ್ರೇಹೌಂಡ್‌ಗಳಲ್ಲಿ ಹೆಚ್ಚಿನವು ಮೆಟ್ಟಿಲನ್ನೇ ಕಂಡಿರುವುದಿಲ್ಲ. ಬೆಳೆದದ್ದು ನಾಯಿಗಳನ್ನಿಡುವ ನೆಲಮಟ್ಟದ ಕೆನೆಲ್‌ನಲ್ಲಿ. ನಮ್ಮಲ್ಲಿಗೆ ಬಂದವಳು ಹತ್ತುವುದನ್ನು ಬೇಗ ಕಲಿತಳು. ಇಳಿಯಬೇಕೆಂದರೆ ಮಾತ್ರ ಮೇಲೆಯೇ ಕಲ್ಲಾಗಿ ನಿಲ್ಲುತ್ತಿದ್ದಳು, ಹಿಂಗಾಲು ಗಡಗಡ ನಡುಗುತ್ತಿತ್ತು.

ಕುತ್ತಿಗೆಯ ಬೆಲ್ಟ್ ಹಿಡಿದು ಎಳೆಯುವುದು ದೊಡ್ಡ ತಪ್ಪು. ಗ್ರೇಹೌಂಡ್‌ನ ತಲೆ ಕುತ್ತಿಗೆಗಿಂತ ಸಣ್ಣದು, ಬೆಲ್ಟ್ ಕಳಚಿಬಿಡುತ್ತದೆ. ಗಾಬರಿಯಾದರೆ ಒಂದೇ ನೆಗೆತಕ್ಕೆ ಕೆಳಗೆ ಹಾರುತ್ತದೆ, ಆ ತೆಳು ಕಾಲಿನ ಮೂಳೆ ಮುರಿದೀತು. ಎದೆ-ಬೆನ್ನನ್ನು ಸುತ್ತುವ, ಬೆನ್ನ ಮೇಲೆ ಹಿಡಿಕೆ ಇರುವ ಹಾರ್ನೆಸ್ಸೇ ಬೇಕು.

ಬರಿಯ ಮರದ ಮೆಟ್ಟಿಲು ಜಾರುತ್ತದೆ. ಪ್ರತಿ ಮೆಟ್ಟಿಲಿಗೂ ರಬ್ಬರ್ ತಳದ ಮ್ಯಾಟ್ ಅಂಟಿಸಿ, ಉಗುರು ಕತ್ತರಿಸಿದ ಮೇಲೆಯೇ ಪಾಠ ಶುರುವಾದದ್ದು. ನಡೆವಾಗ ಟಕಟಕ ಸದ್ದು ಬಂದರೆ ಉಗುರು ಉದ್ದವಾಗಿದೆ ಎಂದೇ ಲೆಕ್ಕ.

ಫಲ ಕೊಟ್ಟದ್ದು ಕಟ್ಟಕಡೆಯ ಮೆಟ್ಟಿಲಿನಿಂದ ಆರಂಭಿಸಿದ್ದು. ಅಲ್ಲಿಂದ ನೆಲ ಒಂದೇ ಹೆಜ್ಜೆ. ಒಬ್ಬರು ಕೆಳಗೆ ಕೂತು ಬೇಯಿಸಿದ ಕೋಳಿಯ ಚೂರನ್ನು ಮೆಟ್ಟಿಲಿನ ಮಟ್ಟದಲ್ಲೇ ಹಿಡಿಯಬೇಕು. ಮೇಲೆತ್ತಿದರೆ ತಲೆ ಎತ್ತುತ್ತದೆ, ಭಾರ ಹಿಂದಕ್ಕೆ ಹೋಗುತ್ತದೆ. ಇನ್ನೊಬ್ಬರು ಹಿಡಿಕೆ ಹಿಡಿದು, ಒಂದು ಮುಂಗಾಲು, ಆಮೇಲೆ ಇನ್ನೊಂದು ಎಂದು ಕೈಯಿಂದಲೇ ಇಳಿಸಬೇಕು. ಹಿಂಗಾಲು ತಾನೇ ಬರುತ್ತದೆ. ಹಸಿದಿರುವಾಗ ದಿನಕ್ಕೆ 2 ಸಲ, 5 ನಿಮಿಷ ಸಾಕು. ಸತತ 3 ಬಾರಿ ಹೆದರದೆ ಇಳಿದರೆ ಮಾತ್ರ ಇನ್ನೊಂದು ಮೆಟ್ಟಿಲು ಮೇಲಕ್ಕೆ. 13 ಮೆಟ್ಟಿಲಿಗೆ 9 ದಿನ ಹಿಡಿಯಿತು.

ಕಲಿತ ನಾಯಿ ಮತ್ತೆ ಹಠಾತ್ತನೆ ನಿಂತರೆ ಗದರಬೇಡಿ. ಪಾದದ ಮೆತ್ತೆಯಲ್ಲಿ ಆಣಿ (ಚರ್ಮ ಗಟ್ಟಿಯಾಗಿ ನೋಯುವ ಗಂಟು) ಇದೆಯೇ ನೋಡಿ. ಗ್ರೇಹೌಂಡ್‌ಗಳಲ್ಲಿ ಅದು ಸಾಮಾನ್ಯ, ಗಟ್ಟಿ ನೆಲದ ಮೇಲೆ ಕುಂಟುತ್ತವೆ. ಕಂಡರೆ ಪಶುವೈದ್ಯರಿಗೆ ತೋರಿಸಿ.