ಮಗು ಮುಖ ಕಿವುಚಿದರೆ ಬೇಡ ಅಂತ ಅರ್ಥವಲ್ಲ

ಬೇಯಿಸಿ ನುಣ್ಣಗೆ ಮಾಡಿದ ಬೀನ್ಸ್ ಮೊದಲ ಸಲ ಬಾಯಿಗೆ ಬಿದ್ದಾಗ ಮಗುವಿನ ಹುಬ್ಬು ಗಂಟಾಗುತ್ತದೆ, ಮೂಗು ಸುಕ್ಕಾಗುತ್ತದೆ, ಅರ್ಧ ತುತ್ತು ಗಲ್ಲದ ಮೇಲೆ ಇಳಿಯುತ್ತದೆ. ಇದಕ್ಕೆ ಇಷ್ಟ ಇಲ್ಲ ಅಂತ ನಾವು ಅಲ್ಲೇ ತೀರ್ಮಾನ ಮಾಡಿಬಿಡುತ್ತೇವೆ, ಅಲ್ವಾ? ದಯವಿಟ್ಟು ಅಷ್ಟು ಬೇಗ ಬಿಟ್ಟುಕೊಡಬೇಡಿ. ಸಿಹಿ ಹಿಡಿಸುವುದು, ಕಹಿ ಬೇಡವಾಗುವುದು ಹುಟ್ಟಿನಿಂದಲೇ ಬರುತ್ತದೆ. ಮಿಕ್ಕ ರುಚಿ ಹೆಚ್ಚಿನದು ಅಭ್ಯಾಸ.

ಈ ಅಭ್ಯಾಸ ಹೊಟ್ಟೆಯಲ್ಲಿರುವಾಗಲೇ ಶುರುವಾಗುತ್ತದೆ. ತಾಯಿ ತಿಂದದ್ದರ ಘಮ ಗರ್ಭದ ನೀರಿಗೂ ಆಮೇಲೆ ಎದೆಹಾಲಿಗೂ ಇಳಿಯುತ್ತದೆ. 2001ರಲ್ಲಿ ಅಮೆರಿಕದ ಜೂಲಿ ಮೆನೆಲ್ಲಾ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು: ಬಸುರಿಯಾಗಿದ್ದಾಗ ಇಲ್ಲವೇ ಹಾಲೂಡಿಸುವಾಗ ತಾಯಿ ಕ್ಯಾರೆಟ್ ರಸ ಕುಡಿದಿದ್ದರೆ, ಆ ಮಕ್ಕಳು ಕ್ಯಾರೆಟ್ ರುಚಿಯ ಊಟಕ್ಕೆ ಮುಖ ಕಿವುಚಿದ್ದು ಕಡಿಮೆ. ಹಾಗಾಗಿ ಮೊದಲ ಹೆಜ್ಜೆ ತಾಯಿಯ ತಟ್ಟೆಯಲ್ಲೇ ಇದೆ, ಬಗೆಬಗೆ ತರಕಾರಿ ತಿನ್ನಿ.

6 ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಊಟ ಶುರುಮಾಡಿ. ಹಣ್ಣಿನ ಸಿಹಿ ಹೇಗೂ ಹಿಡಿಸುತ್ತದೆ, ತರಕಾರಿಗೇ ಅಭ್ಯಾಸ ಜಾಸ್ತಿ ಬೇಕು, ಅದಕ್ಕೇ ಅದನ್ನು ಮೊದಲು ಕೊಡಿ. ಮಗು ಹಸಿದಿರಲಿ, ಆದರೆ ಹಸಿವಿಗೆ ಅಳುವಷ್ಟಲ್ಲ. ಚಮಚದ ತುದಿಯಷ್ಟು ಸಾಕು.

ಈಗ ಹುಬ್ಬು ನೋಡಬೇಡಿ, ಬಾಯಿ ನೋಡಿ. ಮುಖ ಸಿಂಡರಿಸಿಕೊಂಡೇ ಮತ್ತೆ ಬಾಯಿ ತೆರೆದರೆ ಮಗು ಕಲಿಯುತ್ತಿದೆ. ಬಾಯಿ ಮುಚ್ಚಿತು, ತಲೆ ತಿರುಗಿಸಿತು ಅಂದರೆ ಇವತ್ತಿಗೆ ಮುಗಿಯಿತು, ಚಮಚ ಕೆಳಗಿಡಿ. ಒತ್ತಾಯ ಮಾಡಿ ತುರುಕಿದರೆ ಆ ತರಕಾರಿಯ ಮೇಲೆ ಮಗುವಿಗೆ ಇನ್ನೂ ಸಿಟ್ಟು ಬರುತ್ತದೆ. ಒಂದೆರಡು ದಿನ ಬಿಟ್ಟು ಅದನ್ನೇ ಮತ್ತೆ ಕೊಡಿ. ಹೆಚ್ಚಿನ ಮಕ್ಕಳಿಗೆ 8ರಿಂದ 10 ಸಲ ಬೇಕಾಗುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಬಹಳ ಮನೆಗಳಲ್ಲಿ ಮೂರನೆಯದೋ ನಾಲ್ಕನೆಯದೋ ಸಲಕ್ಕೇ ಕೈಬಿಡುತ್ತಾರೆ, ನನಗೆ ಬೇಸರ ಆಗುವುದು ಇದಕ್ಕೇ.

ತಿನ್ನಲಿ ಅಂತ ಸಕ್ಕರೆ, ಉಪ್ಪು ಬೆರೆಸಬೇಡಿ. ಜೇನುತುಪ್ಪವಂತೂ 1 ವರ್ಷ ತುಂಬುವ ತನಕ ಬೇಡವೇ ಬೇಡ, ಬಾಟ್ಯುಲಿಸಂ ಎಂಬ ಕಾಯಿಲೆಯ ಅಪಾಯವಿದೆ. ಸುಮ್ನೆ ನುಣ್ಣಗಿನ ಊಟದಲ್ಲೇ ನಿಲ್ಲಬೇಡಿ, 9 ತಿಂಗಳೊಳಗೆ ಮೆತ್ತಗಿನ ಸಣ್ಣ ಗಂಟುಗಳಿರುವ ಊಟಕ್ಕೂ ಬಾಯಿ ಪಳಗಲಿ.

2 ವರ್ಷದ ಹೊತ್ತಿಗೆ ಎಲ್ಲ ತಿನ್ನುತ್ತಿದ್ದ ಮಗುವೇ ಹೊಸದನ್ನು ಕಂಡರೆ ದೂರ ತಳ್ಳಬಹುದು. ಗಾಬರಿ ಬೇಡ, ಇದು ಆ ವಯಸ್ಸಿನ ಸಹಜ ಹಟ. ಗೊತ್ತಿರುವ ಊಟದ ಪಕ್ಕ ಹೊಸದರ ಒಂದು ಚೂರು ಇಡಿ, ಮಗುವಿನ ಎದುರು ನೀವೂ ಅದನ್ನೇ ತಿನ್ನಿ, ತಿನ್ನು ಅಂತ ಮಾತ್ರ ಪೀಡಿಸಬೇಡಿ.