ಬೇರೆ ಇಸಿಯುಗೆ ಇಗ್ನಿಷನ್ ಕಾಯಿಲ್ ವೈರಿಂಗ್: ಕಿಡಿ ನೋಡುವ ಮೊದಲು ಕಾಯಿಲ್‌ನ ಬಿಸಿ ನೋಡಿ

ಕಳೆದ ಬೇಸಿಗೆಯಲ್ಲಿ ಗುಬ್ಬಿಯ ಯುವಕರೊಬ್ಬರು ತಮ್ಮ ಹಳೆಯ ಎಸ್ಟೀಮ್ ಕಾರನ್ನು ತುಮಕೂರಿನ ನಮ್ಮ ಗ್ಯಾರೇಜಿಗೆ ಎಳೆಸಿಕೊಂಡು ಬಂದರು. ಕಿಡಿಯನ್ನು ನಾಲ್ಕೂ ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರ್ ತೆಗೆದು, ಹೊರಗಿನಿಂದ ತಂದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೂರಿಸಿ, ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ವೋಲ್ಟೇಜ್ ಕೊಡುವ ಕಾಯಿಲನ್ನು ನಾಲ್ಕು ಸಿಲಿಂಡರಿಗೂ ಒಂದೊಂದು ಹಾಕಿದ್ದರು. ಕೀ ಆನ್ ಮಾಡಿ ಲ್ಯಾಪ್‌ಟಾಪ್‌ನಲ್ಲಿ ಸೆಟ್ಟಿಂಗ್ ನೋಡುತ್ತ ಕುಳಿತಿದ್ದಷ್ಟು ಹೊತ್ತಿನಲ್ಲೇ ನಾಲ್ಕೂ ಕಾಯಿಲ್ ಸುಟ್ಟು, ಮೈ ಬಿರಿದಿದ್ದವು. ಎಂಜಿನ್ ಒಂದು ಸುತ್ತೂ ತಿರುಗಿರಲಿಲ್ಲ. ಇದೇ ತಪ್ಪನ್ನು ನಾನು ಹಲವು ಬಾರಿ ನೋಡಿರುವುದರಿಂದ ತಪಾಸಣೆಯ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕೈಯಲ್ಲಿರುವ ಕಾಯಿಲ್ ಯಾವ ಜಾತಿಯದು ಎಂದು ಗುರುತಿಸಬೇಕು. ಒಳಗೆ ಡ್ರೈವರ್ (ಕರೆಂಟನ್ನು ಹರಿಸಿ ಕಡಿಯುವ ಸ್ವಿಚ್) ಇಲ್ಲದ ಸಾದಾ ಕಾಯಿಲ್‌ಗೆ ಹೆಚ್ಚಾಗಿ ಎರಡು ಪಿನ್ ಇರುತ್ತವೆ, ಅವುಗಳ ನಡುವೆ ಮೀಟರ್ ಹಿಡಿದರೆ ಒಂದು ಓಮ್‌ನ ಆಸುಪಾಸು ತೋರಿಸುತ್ತದೆ. ಡ್ರೈವರ್ ಒಳಗೇ ಇರುವ ಸ್ಮಾರ್ಟ್ ಕಾಯಿಲ್‌ಗೆ ಮೂರು ಅಥವಾ ನಾಲ್ಕು ಪಿನ್: 12 ವೋಲ್ಟ್, ಅರ್ತ್, ಟ್ರಿಗರ್ (ಇಸಿಯುನಿಂದ ಬರುವ ಸಂಕೇತದ ತಂತಿ). ನಾಲ್ಕನೆಯದು ಕೆಲವದರಲ್ಲಿ ಎರಡನೆಯ ಅರ್ತ್, ಟೊಯೊಟಾದಂಥವುಗಳಲ್ಲಿ ಇಸಿಯುಗೆ ಹಿಂತಿರುಗುವ ಸೂಚನಾ ತಂತಿ. ಆದರೆ ಪಿನ್ ಎಣಿಸಿದ ಮಾತ್ರಕ್ಕೆ ನಂಬಬೇಡಿ. ಎರಡು ಸಾದಾ ಕಾಯಿಲ್‌ಗಳನ್ನು ಒಂದೇ ಡಬ್ಬಿಯಲ್ಲಿ ಸೇರಿಸಿದ ಜೋಡಿ ಕಾಯಿಲ್‌ಗೂ ಮೂರೇ ಪಿನ್ ಇರುತ್ತವೆ. ಒಂದು ಪಿನ್‌ನಿಂದ ಉಳಿದೆರಡಕ್ಕೂ ಅದೇ ಒಂದು ಓಮ್ ಸಿಕ್ಕಿದರೆ ಅದು ಸಾದಾ ಕಾಯಿಲ್ ಎಂದೇ ತಿಳಿಯಿರಿ. ಸ್ಪೀಡುಯಿನೋ ಎಂಬಂತಹ ಇಸಿಯು ಕೊಡುವುದು ಸಣ್ಣ ಕರೆಂಟಿನ ಸಂಕೇತವನ್ನು ಮಾತ್ರ. ಸಾದಾ ಕಾಯಿಲ್‌ನ ಕರೆಂಟನ್ನು ಅದರ ಮೇಲೆ ಹೇರಿದರೆ ಇಸಿಯು ಸುಡುತ್ತದೆ, ಆದ್ದರಿಂದ ನಡುವೆ ಇಗ್ನೈಟರ್ ಎಂಬ ಪ್ರತ್ಯೇಕ ಡ್ರೈವರ್ ಬೇಕೇ ಬೇಕು. ನನ್ನನ್ನು ಕೇಳಿದರೆ, ಹೊಸದಾಗಿ ವೈರಿಂಗ್ ಮಾಡುವವರು ಸ್ಮಾರ್ಟ್ ಕಾಯಿಲ್ ಬಿಟ್ಟು ಬೇರೆ ಯೋಚನೆಯನ್ನೇ ಮಾಡಬಾರದು.

ಕಾಯಿಲ್‌ಗಳಿಗೆ ಪ್ರತ್ಯೇಕ ರಿಲೇ ಮತ್ತು ಫ್ಯೂಸ್ ಕೊಡಿ, ಅವುಗಳ ಅರ್ತನ್ನು ಸಿಲಿಂಡರ್ ಹೆಡ್‌ಗೆ ಬೋಲ್ಟ್ ಮಾಡಿ, ಸೆನ್ಸರ್ ಅರ್ತ್‌ನೊಂದಿಗೆ ಎಂದಿಗೂ ಸೇರಿಸಬೇಡಿ. ತಂತಿಗೆ ಕಚ್ಚಿಕೊಳ್ಳುವ ನೀಲಿ ಪ್ಲಾಸ್ಟಿಕ್ ಕ್ಲಿಪ್‌ಗಳನ್ನೂ, ಹೊಸೆದು ಟೇಪ್ ಸುತ್ತುವ ಅಭ್ಯಾಸವನ್ನೂ ದಯವಿಟ್ಟು ಬಿಟ್ಟುಬಿಡಿ. ಎಂಜಿನ್ನಿನ ಬಿಸಿಗೆ ಟೇಪಿನ ಅಂಟು ಕರಗುತ್ತದೆ, ಕ್ಲಿಪ್ಪಿನೊಳಗಿನ ಎಳೆಗಳು ಅದುರಿ ತುಂಡಾಗುತ್ತವೆ. ಸರಿಯಾದ ಟರ್ಮಿನಲ್ ಹಾಕಿ ಕ್ರಿಂಪ್ ಮಾಡುವುದೊಂದೇ ದಾರಿ.

ಹೆಚ್ಚಿನವರು ಎಡವುವುದು ಟ್ರಿಗರ್‌ನ ದಿಕ್ಕಿನಲ್ಲಿ. ಕಾಯಿಲ್ ಮೊದಲು ಕೆಲವು ಮಿಲಿಸೆಕೆಂಡ್ ಚಾರ್ಜ್ ಆಗಬೇಕು, ಆಮೇಲೆ ಆ ಕರೆಂಟ್ ಕಡಿದ ಕ್ಷಣದಲ್ಲಿ ಕಿಡಿ ಹಾರಬೇಕು. ಬಹುತೇಕ ಸ್ಮಾರ್ಟ್ ಕಾಯಿಲ್‌ಗಳು ಸಂಕೇತ ಮೇಲೆದ್ದಾಗ ಚಾರ್ಜ್ ಆಗಿ, ಕೆಳಗಿಳಿದಾಗ ಕಿಡಿ ಕೊಡುತ್ತವೆ. ಸ್ಪೀಡುಯಿನೋ ಸಾಫ್ಟ್‌ವೇರಿನಲ್ಲಿ ಇದಕ್ಕೆ ‘ಗೋಯಿಂಗ್ ಲೋ’ ಎಂಬ ಆಯ್ಕೆಯಿದೆ. ಇದನ್ನು ತಿರುವುಮುರುವು ಮಾಡಿದರೆ ಎಂಜಿನ್ ನಿಂತಿರುವಾಗಲೂ ಕಾಯಿಲ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಗುಬ್ಬಿಯವರ ಕಾರಿನಲ್ಲಿ ಆಗಿದ್ದು ಇದೇ.

ಇದನ್ನು ಹಿಡಿಯಲು ಲ್ಯಾಪ್‌ಟಾಪ್ ಬೇಡ, ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಒಂದಿದ್ದರೆ ಸಾಕು. ನಾಲ್ಕರಲ್ಲಿ ಮೂರು ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿಡಿ, ಇಂಜೆಕ್ಟರ್‌ಗಳದ್ದನ್ನೂ ಬಿಚ್ಚಿ. ಉಳಿದ ಒಂದು ಕಾಯಿಲ್‌ನ 12 ವೋಲ್ಟ್ ತಂತಿಯ ನಡುವೆ ಬಲ್ಬನ್ನು ಸೇರಿಸಿ, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ಕಾಯಿಲ್‌ಗೆ ಹೋಗಬೇಕು. ಈಗ ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಬಲ್ಬ್ ಉರಿಯದಿದ್ದರೆ ದಿಕ್ಕು ಸರಿಯಿದೆ. ಉರಿಯುತ್ತಲೇ ಇದ್ದರೆ ದಿಕ್ಕು ತಪ್ಪಿದೆ ಅಥವಾ ಟ್ರಿಗರ್ ತಂತಿ ಬೇರೆಲ್ಲೋ ತಗುಲಿದೆ. ಆದರೂ ಬಲ್ಬ್ ಕರೆಂಟನ್ನು ತಡೆದಿರುವುದರಿಂದ ಕಾಯಿಲ್ ಉಳಿದಿರುತ್ತದೆ. ಕೀ ತಿರುಗಿಸಿದ ಕ್ಷಣದಲ್ಲಿ ಮಾತ್ರ ಮಿಂಚಿ ಆರಿದರೆ ಇಸಿಯು ಎಚ್ಚರವಾಗುವ ಮುನ್ನ ಟ್ರಿಗರ್ ತಂತಿ ಹಿಡಿತವಿಲ್ಲದೆ ತೇಲುತ್ತಿದೆ ಎಂದರ್ಥ. ಟ್ರಿಗರ್ ಮತ್ತು ಅರ್ತ್ ನಡುವೆ 1 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಅದು ನಿಲ್ಲುತ್ತದೆ. ಬಲ್ಬ್ ತೆಗೆದ ಮೇಲೂ ಕೀ ಆನ್‌ನಲ್ಲಿ ಒಂದು ನಿಮಿಷ ಬಿಟ್ಟು, ಕೀ ಆಫ್ ಮಾಡಿ ಕಾಯಿಲ್ ಮುಟ್ಟಿ ನೋಡಿ: ಅದು ತಣ್ಣಗಿರಲೇಬೇಕು.

ದಿಕ್ಕು ತಪ್ಪಿದ್ದರೂ ಎಂಜಿನ್ ಕೆಲವೊಮ್ಮೆ ಸ್ಟಾರ್ಟ್ ಆಗಿಬಿಡುವುದು ಇನ್ನೂ ಅಪಾಯಕಾರಿ. ಆಗ ಕಿಡಿ ಚಾರ್ಜಿನ ಕೊನೆಯಲ್ಲಿ ಹಾರುವ ಬದಲು ಆರಂಭದಲ್ಲೇ ಹಾರುತ್ತದೆ. ಚಾರ್ಜ್ ಸಮಯ 3 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ 1000 ಆರ್‌ಪಿಎಂನಲ್ಲಿ ಟೈಮಿಂಗ್ (ಕಿಡಿ ಹಾರುವ ಕ್ಷಣ) 18 ಡಿಗ್ರಿ, 3000ದಲ್ಲಿ 54 ಡಿಗ್ರಿ ಮುಂಚಿತವಾಗಿಬಿಡುತ್ತದೆ, ಪಿಸ್ಟನ್ನಿಗೆ ಏಟು ಬೀಳುತ್ತದೆ. ಆದ್ದರಿಂದ ಇಸಿಯುನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಕಟ್ಟಿಹಾಕಿ, ಟೈಮಿಂಗ್ ಲೈಟ್ ಹಿಡಿದು, ಆರ್‌ಪಿಎಂ ನಿಧಾನವಾಗಿ ಏರಿಸಿದಾಗ ಪುಲ್ಲಿಯ ಗುರುತು ಅಲ್ಲಾಡದೆ ನಿಲ್ಲುವುದನ್ನು ಕಣ್ಣಾರೆ ಕಾಣುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಕಿಡಿ ನೋಡುವಾಗ ಪ್ಲಗ್ಗನ್ನು ಹೆಡ್‌ಗೆ ತಾಗಿಸಿಡಿ, ಕೈಯಲ್ಲಿ ಹಿಡಿಯಬೇಡಿ. ಅಲ್ಲಿ 30,000 ವೋಲ್ಟ್‌ವರೆಗೂ ಏರಬಹುದು. ಎಸ್ಟೀಮ್‌ನ ಫೈರಿಂಗ್ ಆರ್ಡರ್ 1-3-4-2, ತಂತಿಗಳು ಅದರಂತೆ ಹೋಗಿವೆಯೇ ಎಂದು ಒಂದೊಂದಾಗಿ ನೋಡಿ. ಪ್ಲಗ್ ರೆಸಿಸ್ಟರ್ ಇರುವುದೇ ಆಗಬೇಕು, ಇಲ್ಲದಿದ್ದರೆ ಕಿಡಿಯಿಂದ ಹುಟ್ಟುವ ವಿದ್ಯುತ್ ಅಡಚಣೆ (ನಾಯ್ಸ್) ಸೆನ್ಸರ್ ತಂತಿಗೆ ನುಗ್ಗಿ ಇಸಿಯು ಲೆಕ್ಕ ತಪ್ಪುತ್ತದೆ.

ನಿಂತಲ್ಲಿ ಸೊಗಸಾಗಿ ಓಡುವ ಎಂಜಿನ್ ದೇವರಾಯನದುರ್ಗದ ಏರಿನಲ್ಲಿ ಮಿಸ್ಸಿಂಗ್ ಆದರೆ, ಲೋಡ್ ಬಿದ್ದಾಗ ಸಿಲಿಂಡರಿನ ಒತ್ತಡ ಹೆಚ್ಚಿ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ ಎಂಬುದನ್ನು ನೆನಪಿಡಿ. ಕಾಯಿಲ್ ಬದಲಿಸಲು ಹೊರಡುವ ಮುನ್ನ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಪಾಸಿಟಿವ್‌ನಿಂದ ಕಾಯಿಲ್ ಪಿನ್‌ವರೆಗೆ ಮೀಟರ್ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ದೋಷ ಫ್ಯೂಸ್, ರಿಲೇ ಅಥವಾ ಜೋಡಣೆಯಲ್ಲಿದೆ. ಅದು ಸರಿಯಿದ್ದರೆ ಪ್ಲಗ್ ಗ್ಯಾಪನ್ನು 0.7 ಮಿಲಿಮೀಟರಿಗೆ ಇಳಿಸಿ, ಅದೇ ಏರನ್ನು ಅದೇ ಗೇರಿನಲ್ಲಿ ಮತ್ತೊಮ್ಮೆ ಹತ್ತಿ. ಮಿಸ್ಸಿಂಗ್ ನಿಂತರೆ ಕಾಯಿಲ್‌ನ ಶಕ್ತಿ ಸಾಲುತ್ತಿಲ್ಲ: ಚಾರ್ಜ್ ಸಮಯವನ್ನು ತಯಾರಕರು ಕೊಟ್ಟ ಮಿತಿಯೊಳಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಪ್ರತಿ ಸಲವೂ ಕಾಯಿಲ್‌ನ ಬಿಸಿ ನೋಡಿ.