ವಿಮಾನ ಬದಲಿಸುವ ರಾತ್ರಿ, ಬಟ್ಟೆ ಒಗೆಯುವ ಭಾನುವಾರ

ಹಾಸನದಿಂದ ಫ್ರಾಂಕ್‌ಫರ್ಟಿಗೆ ಎಷ್ಟು ಹೊತ್ತಿನ ದಾರಿ ಎಂದು ಕೇಳಿದರೆ ಎಲ್ಲರೂ ಟಿಕೆಟ್ ನೋಡಿ ಹೇಳುತ್ತಾರೆ. ಆ ಟಿಕೆಟ್ಟಿನಲ್ಲಿ ಬಿ.ಎಂ. ರಸ್ತೆಯೂ ಇಲ್ಲ, ನೆಲಮಂಗಲದ ಟ್ರಾಫಿಕ್ಕೂ ಇಲ್ಲ, ನಡುವಿನ ಏರ್‌ಪೋರ್ಟಿನಲ್ಲಿ ಕುರ್ಚಿಯ ಮೇಲೆ ಕಳೆಯುವ ರಾತ್ರಿಯೂ ಇಲ್ಲ. ಮಗಳ ಬಾಣಂತನಕ್ಕೋ, ಕಾಫಿ ಕೊಯ್ಲು ಮುಗಿಸಿ ಟೂರಿಗೋ ಹೊರಡುವವರನ್ನು ಹಣ್ಣು ಮಾಡುವುದು ಇವೇ. ನೋಡುವ ಜಾಗಗಳ ಪಟ್ಟಿ ಆಮೇಲೆ ಮಾಡಿದರಾಯಿತು.

ಮೊದಲು ತಾರೀಕು

ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಹಲವು ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ 15ನೇ ತಾರೀಕು 02.10 ಎಂದಿದ್ದರೆ ಮನೆ ಬಿಡಬೇಕಾದದ್ದು 14ರ ಸಂಜೆ. ನಮ್ಮ ಮನೆಗಳಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ; ವಿಮಾನದವರಿಗೆ ಪಂಚಾಂಗ ಗೊತ್ತಿಲ್ಲ. 15ರ ರಾತ್ರಿ ಊಟ ಮುಗಿಸಿ ಕಾರು ಹತ್ತೋಣ ಎಂದುಕೊಂಡಿದ್ದವರನ್ನು ನಮ್ಮ ನೆಂಟರಲ್ಲೇ ಕಂಡಿದ್ದೇನೆ.

ಲೆಕ್ಕ ಹಿಂದಿನಿಂದ ಹಾಕಿ. ಮೂರು ಗಂಟೆ ಮೊದಲು ಟರ್ಮಿನಲ್ 2ರಲ್ಲಿರಬೇಕು. ಹಾಸನದಿಂದ ದೇವನಹಳ್ಳಿಗೆ ಐದು ಗಂಟೆ ಹಿಡಿಯಿರಿ. ಅಲ್ಲಿಗೆ ಸಂಜೆ ಆರರೊಳಗೆ ಹೊರಡಬೇಕು, ಚಿಕ್ಕಮಗಳೂರಿನವರು ನಾಲ್ಕೂವರೆಗೆ. ಮಳೆಗಾಲವಾದರೆ ಇನ್ನೂ ಬೇಗ.

ಒಂದು ಟಿಕೆಟ್ಟೋ, ಎರಡೋ

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನದಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಲಗೇಜೂ ಸಾಮಾನ್ಯವಾಗಿ ಕೊನೆಯ ಊರಿಗೇ ಹೋಗುತ್ತದೆ. ಅಗ್ಗವೆಂದು ಬೇರೆ ಬೇರೆ ಟಿಕೆಟ್ ಕೊಂಡರೆ ನಡುವೆ ಇಳಿದು, ಸೂಟ್‌ಕೇಸ್ ತೆಗೆದುಕೊಂಡು, ಮತ್ತೆ ಚೆಕ್‌ಇನ್ ಮಾಡಬೇಕಾದೀತು. ಅಂದರೆ ಆ ದೇಶದೊಳಗೆ ಕಾಲಿಟ್ಟಂತೆ, ವೀಸಾ ಬೇಕಾದೀತು. ಅಪ್ಪ ಅಮ್ಮ ಇಬ್ಬರನ್ನೇ ಕಳಿಸುವಾಗಲಂತೂ ಈ ಉಳಿತಾಯ ಬೇಡ.

ನಡುವೆ ವಿಮಾನ ಬದಲಿಸುವುದಕ್ಕೆಂದೇ ಬೇಕಾಗುವ ಟ್ರಾನ್ಸಿಟ್ ವೀಸಾ ಇನ್ನೊಂದು ತಲೆನೋವು. ಲಂಡನ್ನಿನಲ್ಲಿ ಏರ್‌ಪೋರ್ಟ್ ಬಿಟ್ಟು ಹೊರಗೆ ಬರದಿದ್ದರೂ ಭಾರತದ ಪಾಸ್‌ಪೋರ್ಟಿನವರಿಗೆ ಅದು ಬೇಕು. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ವೀಸಾ ಇದ್ದವರಿಗೆ ವಿನಾಯಿತಿ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ಇಮಿಗ್ರೇಷನ್ ದಾಟಬೇಕು, ವೀಸಾ ಇಲ್ಲದೆ ಆಗದು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ಷೆಂಗೆನ್ ದೇಶಗಳಲ್ಲಿ ಎರಡು ಕಡೆ ವಿಮಾನ ಬದಲಿಸಿದರೆ ನಡುವಿನ ಹಾರಾಟ ಒಳನಾಡಿನದಾಗುತ್ತದೆ, ಹಾಗಾಗಿ ಷೆಂಗೆನ್ ವೀಸಾ ಬೇಕೇ ಬೇಕು. ದುಬೈ, ದೋಹಾ, ಸಿಂಗಪುರದಲ್ಲಿ ಒಂದೇ ಟಿಕೆಟ್ಟಿನಲ್ಲಿ ಒಳಗೊಳಗೇ ಬದಲಿಸುವವರಿಗೆ ಈ ತಾಪತ್ರಯವಿಲ್ಲ. ನಿಯಮಗಳು ಬದಲಾಗುತ್ತಲೇ ಇರುತ್ತವೆ. ದುಡ್ಡು ಕಟ್ಟುವ ಮೊದಲು ದೂತಾವಾಸದ ಜಾಲತಾಣ ನೋಡಿ.

ಗಸಗಸೆ, ಕೊಬ್ಬರಿ, ತುಪ್ಪ

ಸೂಟ್‌ಕೇಸ್ ತುಂಬುವಾಗ ಮನೆಯವರೆಲ್ಲರ ಪ್ರೀತಿ ಒಟ್ಟಿಗೇ ಉಕ್ಕುತ್ತದೆ. ಅಲ್ಲೇ ಎಚ್ಚರ ಬೇಕು. ಯುಎಇ ಮತ್ತು ಸಿಂಗಪುರದಲ್ಲಿ ಗಸಗಸೆಗೆ ನಿಷೇಧವಿದೆ. ಅಫೀಮು ಗಿಡದ್ದೇ ಬೀಜವಲ್ಲವೇ. ‘ಹೇಗೂ ದುಬೈ ಮೇಲೆ ಹೋಗ್ತೀವಿ, ಒಂದು ದಿನ ಇದ್ದು ನೋಡ್ಕೊಂಡು ಹೋಗೋಣ’ ಎಂದು ಲಗೇಜ್ ಸಮೇತ ಹೊರಬಂದಿರೋ, ನಮ್ಮ ಪಾಯಸದ ಸಾಮಾನು ಅಲ್ಲಿ ಮಾದಕ ವಸ್ತುವಾಗುತ್ತದೆ. ಮನೆಯ ಮಸಾಲೆ ಪುಡಿಗೆ ಗಸಗಸೆ ಬಿದ್ದಿದೆಯೇ ಎಂದೂ ಕೇಳಿಕೊಳ್ಳಿ.

ಅರಸೀಕೆರೆಯ ಒಣ ಕೊಬ್ಬರಿಯನ್ನು ಇಡಲೇಬೇಡಿ. ಎಣ್ಣೆಯಂಶದಿಂದಾಗಿ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದಾದ ಸರಕಿನ ಪಟ್ಟಿಯಲ್ಲಿ ಅದಿದೆ. ತುಪ್ಪ, ಉಪ್ಪಿನಕಾಯಿಯನ್ನು ಕೈಚೀಲದಲ್ಲಿಟ್ಟರೆ 100 ಮಿಲಿಲೀಟರಿನ ದ್ರವ ನಿಯಮಕ್ಕೆ ಸಿಕ್ಕಿಬೀಳುತ್ತವೆ. ಐರೋಪ್ಯ ಒಕ್ಕೂಟಕ್ಕೆ ಹೋಗುವವರು ತುಪ್ಪವನ್ನು ಮರೆತುಬಿಡುವುದೇ ವಾಸಿ. ಹೊರಗಿನ ಹಾಲಿನ ಪದಾರ್ಥಗಳನ್ನು ಅವರು ಒಳಬಿಡುವುದಿಲ್ಲ. ಕಾಫಿಪುಡಿಯನ್ನು ಅಂಗಡಿಯಲ್ಲೇ ಸೀಲ್ ಮಾಡಿಸಿ ಒಯ್ಯಿರಿ.

ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮಿತಿ 100 ವ್ಯಾಟ್‌ಅವರ್. 20,000 ಎಂಎಎಚ್‌ನದು ಸುಮಾರು 74 ಆಗುವುದರಿಂದ ಚಿಂತೆಯಿಲ್ಲ. ಮಾತ್ರೆ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆಯನ್ನೂ ಅಲ್ಲೇ ಇಡಿ.

ಕಾಯುವ ಏಳು ಗಂಟೆ

ಇಳಿದ ಕೂಡಲೇ ಗಡಿಯಾರವನ್ನು ಅಲ್ಲಿನ ಸಮಯಕ್ಕೆ ತಿರುಗಿಸಿ, ಮುಂದಿನ ಗೇಟು ಎಲ್ಲಿದೆ ಎಂದು ಕಣ್ಣಾರೆ ನೋಡಿ ಬಂದು, ಆಮೇಲೆ ಕೂತುಕೊಳ್ಳಿ. ಖಾಲಿ ಬಾಟಲಿ ಒಯ್ದರೆ ಒಳಗೆ ನೀರು ತುಂಬಿಕೊಳ್ಳಬಹುದು. ಏಸಿಯ ಚಳಿ ನಮ್ಮ ಮಲೆನಾಡಿನವರನ್ನೂ ನಡುಗಿಸುತ್ತದೆ, ಶಾಲು ಇರಲಿ. ಕೆಲವು ಕಡೆ ವೈಫೈಗೂ ಓಟಿಪಿ ಕೇಳುತ್ತಾರೆ, ಬ್ಯಾಂಕಿನವರಂತೂ ಕೇಳಿಯೇ ಕೇಳುತ್ತಾರೆ. ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿಕೊಂಡೇ ಹೊರಡಿ. ಮಂಡಿನೋವಿದ್ದರೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ, ಇದರಲ್ಲಿ ಸಂಕೋಚವೇಕೆ?

ಬಿಡುವಿನ ದಿನಕ್ಕೆ ಬಿಡುವಿಲ್ಲ

ತಲುಪಿದ ದಿನ ಏನನ್ನೂ ನೋಡಲು ಹೋಗಬೇಡಿ. ಬೆಳಿಗ್ಗೆ ಏಳಕ್ಕೆ ಇಳಿದರೂ ಹೋಟೆಲಿನವರು ಕೋಣೆ ಕೊಡುವುದು ಮಧ್ಯಾಹ್ನ ಎರಡು ಮೂರಕ್ಕೆ. ಸಾಮಾನು ರಿಸೆಪ್ಷನ್ನಿನಲ್ಲಿಟ್ಟು ಬಿಸಿಲಿನಲ್ಲಿ ಓಡಾಡಿ. ದೇಹ ಅಲ್ಲಿನ ಹೊತ್ತಿಗೆ ಹೊಂದಿಕೊಳ್ಳಲು ಬೆಳಕಿಗಿಂತ ಒಳ್ಳೆಯ ಮದ್ದಿಲ್ಲ. ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗಿದರೆ ರಾತ್ರಿ ಎರಡಕ್ಕೆ ಕಣ್ಣು ಬಿಟ್ಟುಕೊಂಡು ಕೂರಬೇಕು. ಬಿ.ಪಿ., ಸಕ್ಕರೆ ಮಾತ್ರೆಯ ಹೊತ್ತನ್ನು ಊರಿನಲ್ಲೇ ವೈದ್ಯರನ್ನು ಕೇಳಿ ಬರೆಸಿಕೊಂಡು ಬನ್ನಿ.

ಮುಂದಿನ ಬಿಡುವು ಯಾವ ವಾರ ಬೀಳುತ್ತದೆ ನೋಡಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಅಕ್ಕಿ, ಮೊಸರು ಶನಿವಾರವೇ ತಂದಿಡಬೇಕು. ಮರೆತರೆ ದೊಡ್ಡ ರೈಲು ನಿಲ್ದಾಣದ ಅಂಗಡಿಗಳೇ ಗತಿ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿಗೆ ಮಂಗಳವಾರ ರಜೆ. ಬಟ್ಟೆ ಒಗೆಯುವ ಕೆಲಸ ಇಂಥ ದಿನಗಳಿಗೇ ಇಟ್ಟುಕೊಳ್ಳಿ.

ಹೋಟೆಲಿನಲ್ಲಿ ಒಂದೊಂದು ಬಟ್ಟೆಗೂ ಪ್ರತ್ಯೇಕ ದರ. ಬೀದಿಯ ನಾಣ್ಯದ ಯಂತ್ರ ಎಷ್ಟೋ ಅಗ್ಗ, ಆದರೆ ಚಿಲ್ಲರೆ ಬೇಕು; ಎರಡು ದಿನ ಮೊದಲಿನಿಂದಲೇ ನಾಣ್ಯ ಕೂಡಿಡಿ. ಬಣ್ಣ ಬಿಡುವ ಸೀರೆಯನ್ನು ಬೇರೆ ಹಾಕಿ. ನನ್ನ ಬಿಳಿ ಪಂಚೆ ಇವತ್ತಿಗೂ ಗುಲಾಬಿ ಬಣ್ಣದಲ್ಲೇ ಇದೆ.

ಬಾಡಿಗೆ ಮನೆಯಲ್ಲಿ ಒಗ್ಗರಣೆ ಹಾಕುವ ಮುನ್ನ ಕಿಟಕಿ ತೆರೆದು ಫ್ಯಾನ್ ಹಾಕಿ. ಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಾಂ ಹೊಡೆದುಕೊಂಡರೆ ಮಹಡಿಯವರೆಲ್ಲ ಬೀದಿಗೆ ಇಳಿಯುತ್ತಾರೆ, ಊದುಬತ್ತಿಗೂ ಇದೇ ಕಥೆ. ಊರಿನ ಮಿಕ್ಸಿ ಅಮೆರಿಕದಲ್ಲಿ ಸರಿಯಾಗಿ ತಿರುಗದು. ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230. ಬ್ರಿಟನ್, ದುಬೈ, ಸಿಂಗಪುರದಲ್ಲಿ ಮೂರು ಚಪ್ಪಟೆ ಕಡ್ಡಿಯ ಪ್ಲಗ್ಗು. ಯೂರೋಪಿನ ಬಹುತೇಕ ಕಡೆ ನಮ್ಮ ಸಣ್ಣ ಎರಡು ಕಡ್ಡಿಯ ಚಾರ್ಜರ್ ಹಿಡಿಸುತ್ತದೆ.

ಕೊನೆಯ ಬಿಡುವನ್ನು ಬೆಂಗಳೂರಿಗೆ ಉಳಿಸಿಕೊಳ್ಳಿ. ಬೆಳಗಿನ ಜಾವ ಮೂರಕ್ಕೆ ಇಳಿದು ನೇರ ಹಾಸನದ ಕಾರು ಹತ್ತಿದರೆ ಕುಣಿಗಲ್ ಹೊತ್ತಿಗೆ ನಿಮಗೂ ನಿದ್ದೆ, ಡ್ರೈವರ್‌ಗೂ ನಿದ್ದೆ. ಯಾರದಾದರೂ ಮನೆಯಲ್ಲಿ ಮಲಗಿದ್ದು, ಮಧ್ಯಾಹ್ನದ ಊಟ ಮಾಡಿ ಹೊರಡಿ. ಉಳಿದ ಮೈಲಿಗೆ ಬಟ್ಟೆಯನ್ನು ಊರಿನ ನೀರಿನಲ್ಲೇ ಒಗೆದರಾಯಿತು.